ಧ್ರುವದ ಬಾಗಿಲು

"ಇಳಿಸಿ ಅದನ್ನ. ಹೊಸ್ತಿಲು ದಾಟಿಸಬೇಡಿ ಅಂತ ಹೇಳಿದೆನಲ್ಲ!"

ಟೈಲರಮ್ಮ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತುಬಿಟ್ಟಿದ್ದಳು. ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಯನ್ನು ವ್ಯಾನಿನಿಂದ ಮೆಟ್ಟಿಲವರೆಗೆ ಹೊತ್ತು ತಂದಿದ್ದ ಇಬ್ಬರು ಆಳುಗಳು ಮುಂದೆ ಹೋಗಲಾರದೆ, ಹಿಂದೆ ಸರಿಯಲಾರದೆ, ಭಾರಕ್ಕೆ ಹಲ್ಲು ಕಚ್ಚಿಕೊಂಡು ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ಅವಳ ಮೈದುನನ ಮುಖ ನೋಡಿದರು. ಬೆಳಗಿನ ತಿಂಡಿಯ ಹೊತ್ತು ಇನ್ನೂ ಮುಗಿದಿರಲಿಲ್ಲ. ಆಗಲೇ ಬೀದಿಯ ಡಾಂಬರು ಬಿಸಿಲಿಗೆ ಮೆತ್ತಗಾಗತೊಡಗಿತ್ತು.

ಪೆಟ್ಟಿಗೆಗೆ ಫೋನ್ ಮಾಡಿದ್ದು ಮೈದುನ. ಅಣ್ಣ ನಸುಕಿನಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟ ಸುದ್ದಿ ಕೇಳಿ ಬಂದವನು ಅತ್ತು ಮುಗಿಸುವ ಮೊದಲೇ ಕೆಲಸಕ್ಕೆ ಬಿದ್ದಿದ್ದ. ಶಾಮಿಯಾನ, ಕುರ್ಚಿ, ವ್ಯಾನು, ಬಂದವರಿಗೆ ಕುಡಿಯುವ ನೀರು. ಹಾಗೆ ಓಡಾಡದಿದ್ದರೆ ಕುಸಿದುಬೀಳುವ ಜಾತಿಯ ಮನುಷ್ಯ ಅವನು.

"ಅತ್ತಿಗೆ, ಬಿಸಿಲು ನೋಡಿ ಹೇಗಿದೆ. ಪುಟ್ಟಿ ಬರೋದು ಸಾಯಂಕಾಲ. ದ್ವೀಪದಿಂದ ಬೋಟು ಬಿಡೋದೇ ಮಧ್ಯಾಹ್ನ, ಅದಾದ ಮೇಲೆ ಬಸ್ಸು. ಅಲ್ಲೀವರೆಗೆ ಅಣ್ಣನ್ನ ಹೀಗೇ ಇಟ್ಕೊಂಡ್ರೆ..."

"ಇಟ್ಕೊಂಡ್ರೆ ಏನು?"

"ನಿಮಗೆ ಗೊತ್ತಿಲ್ವಾ ಅತ್ತಿಗೆ? ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?"

ಅವಳಿಗೆ ಗೊತ್ತಿತ್ತು. ಆದರೆ ಚಳಿಗೆ ಮಾತ್ರ ಇನ್ನು ಕಳಿಸುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟವಳು ಅವಳು. ನಸುಕಿನಲ್ಲಿ ಫೋನಿನಲ್ಲಿ ಮಗಳಿಗೂ ಒಂದು ಮಾತು ಕೊಟ್ಟಿದ್ದಳು. "ನಾನು ಬರೋವರೆಗೂ ಅಪ್ಪನ್ನ ಎಲ್ಲಿಗೂ ಕರ್ಕೊಂಡು ಹೋಗಬೇಡಿ ಅಮ್ಮಾ, ಮುಖ ನೋಡ್ಬೇಕು ನಾನು" ಎಂದು ಅವಳು ಬಿಕ್ಕಿದಾಗ "ಇಲ್ಲ ಕಣೆ, ನೀನು ಬಾ" ಅಂದಿದ್ದಳು. ಒಂದು ಮಾತು ಉಳಿಸಿಕೊಂಡರೆ ಇನ್ನೊಂದು ಮುರಿಯುತ್ತದೆ ಎನ್ನುವುದು ಈಗ ಈ ಪೆಟ್ಟಿಗೆ ಕಣ್ಣಿಗೆ ಬಿದ್ದ ಮೇಲಷ್ಟೇ ಅವಳಿಗೆ ಹೊಳೆದದ್ದು.

"ಜೀವಮಾನವೆಲ್ಲ ಐಸಿನೊಳಗೆ ದುಡಿದ ಮನುಷ್ಯ. ಸತ್ತ ಮೇಲೂ ಐಸಿಗೇ ಹಾಕ್ತೀರಾ? ನನ್ನಿಂದಾಗಲ್ಲ," ಎಂದಳು. ಕೈ ಇಳಿಸಲಿಲ್ಲ.

ಆಳುಗಳು ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಇಳಿಸಿ ಬೆವರು ಒರೆಸಿಕೊಂಡರು.

*

ಅವಳ ಗಂಡ ದುಡಿದ ಕೋಲ್ಡ್ ಸ್ಟೋರೇಜಿನಲ್ಲಿ ಒಂದರೊಳಗೊಂದು ಮೂರು ಕೋಣೆಗಳಿದ್ದವು. ಹೊರಗಿನದರಲ್ಲಿ ಸೇಬು, ದ್ರಾಕ್ಷಿ. ನಡುವಿನದರಲ್ಲಿ ಬೆಣ್ಣೆ. ಎಲ್ಲಕ್ಕಿಂತ ಒಳಗಿನದರಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ಮೀನು. ಕಂಪನಿಯವರು ಕಬ್ಬಿಣದ ದಪ್ಪ ಬಾಗಿಲ ಮೇಲೆ 'ಕೋಣೆ ಮೂರು' ಎಂದು ಚೆಂದಾಗಿ ಬರೆಸಿದ್ದರು. ಹಾಗೆ ಕರೆದವರು ಮಾತ್ರ ಒಬ್ಬರೂ ಇಲ್ಲ. ಅದು ಧ್ರುವ. ಮೊದಲು ಯಾರು ಆ ಹೆಸರಿಟ್ಟರೋ, ಗೋಡೆಯ ಕ್ಯಾಲೆಂಡರಿನಲ್ಲಿದ್ದ ಬಿಳಿ ಕರಡಿಯನ್ನು ನೋಡಿ ಇಟ್ಟರೋ, ಯಾರಿಗೂ ನೆನಪಿಲ್ಲ. ಒಳಗೆ ಹೆಚ್ಚು ಹೊತ್ತು ತಡೆದುಕೊಳ್ಳುತ್ತಿದ್ದವನು ಇವನೊಬ್ಬನೇ. ಹಾಗಾಗಿ ಅವನು ಧ್ರುವರಾಯನಾದ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕಲಷ್ಟೇ ಬಳಕೆಯಾಗುತ್ತಿತ್ತು.

ಮದುವೆಯಾದ ಹೊಸತರಲ್ಲಿ ಒಂದು ದಿನ ಅವಳು ತನ್ನ ಹೊಲಿಗೆ ಅಂಗಡಿಯಿಂದ ಗೋದಾಮಿಗೆ ಫೋನ್ ಮಾಡಿದ್ದಳು. ಆ ಕಡೆಯಿಂದ ಯಾರೋ, "ಅವರು ಧ್ರುವಕ್ಕೆ ಹೋಗಿದ್ದಾರೆ, ಆಮೇಲೆ ಮಾಡಿ" ಎಂದು ಟಪ್ಪನೆ ಇಟ್ಟುಬಿಟ್ಟರು. ಹೊಸ ಹೆಂಡತಿಗೆ ಹೇಳದೆ ಕೇಳದೆ ಭೂಮಿಯ ತುದಿಗೆ ಹೊರಟುಹೋದ ಗಂಡನನ್ನು ನೆನೆದು ಅವಳಿಗೆ ಇಡೀ ದಿನ ಹೊಲಿಗೆ ಸೊಟ್ಟಗೇ ಬಂತು. ಸಂಜೆ ಅವನು ಮನೆಗೆ ಬಂದಾಗ ಬೈಯಬೇಕೆಂದು ಬಾಯಿ ತೆರೆದವಳು ಅವನ ಕೈ ನೋಡಿ ಸುಮ್ಮನಾದಳು. ಬೆರಳ ತುದಿಗಳು ನೀಲಿಯಾಗಿದ್ದವು.

"ಮುಟ್ಟಬೇಡ. ಬೆಚ್ಚಿಬೀಳ್ತೀಯ," ಅಂದ ಅವನು ಹೊಸ್ತಿಲಾಚೆಯೇ ನಿಂತು.

ಅವಳು ಆಗಷ್ಟೇ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಎದ್ದಿದ್ದಳು. ಅಂಗೈ ಕೆಂಪಗೆ, ಬಿಸಿಯಾಗಿತ್ತು. ಹೇಳಿದ ಮಾತು ಕೇಳದೆ ಅವನ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಹಿಡಿದುಕೊಂಡಳು. ಮೈಯೆಲ್ಲ ಜುಮ್ಮೆಂದಿತು. ಆದರೂ ಬಿಡಲಿಲ್ಲ. 'ಇಸ್ತ್ರಿ ಪೆಟ್ಟಿಗೆಗೂ ಐಸ್ ಪೆಟ್ಟಿಗೆಗೂ ಮದುವೆ' ಎಂದು ಮೈದುನ ಮದುವೆಯಲ್ಲಿ ಆಡಿದ್ದ ತಮಾಷೆ ಅವಳಿಗೆ ಆಗ ಅರ್ಥವಾಯಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಅವನು ಹೊಸ್ತಿಲಾಚೆ ನಿಲ್ಲುವುದು, ಅವಳು "ಧ್ರುವದಿಂದ ಬಂದ್ರಾ?" ಎನ್ನುವುದು, ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕೈಗೆ ಸುತ್ತಿ ಮೆಲ್ಲಗೆ ಉಜ್ಜುವುದು. ಒಂದು ಸಲ ಅವಸರಕ್ಕೆ ಸುಡುನೀರು ತಂದು ಅವನ ಚರ್ಮವೇ ಸುಲಿದುಹೋಗಿತ್ತು. ಮರಗಟ್ಟಿದ ಕೈಗೆ ಬಿಸಿಯನ್ನು ಒಮ್ಮೆಗೇ ಕೊಡಬಾರದು, ಸ್ವಲ್ಪಸ್ವಲ್ಪವೇ ಕೊಡಬೇಕು ಎಂದು ಅವಳು ಕಲಿತದ್ದು ಹಾಗೆ. ಹಗಲಿನ ಸುದ್ದಿಯನ್ನೆಲ್ಲ ಇಬ್ಬರೂ ಆಡುತ್ತಿದ್ದದ್ದು ಆ ಹೊತ್ತಿನಲ್ಲೇ.

*

ಹೊಸ್ತಿಲ ಜಗಳ ಬಗೆಹರಿಯದೆ ನಿಂತಿದ್ದಾಗ ಗೋದಾಮಿನವರು ಬಂದರು. ಮುಂದೆ ಬಾಗಿಲಣ್ಣ. ಧ್ರುವರಾಯನಷ್ಟೇ ವರ್ಷ ದುಡಿದವನು. ಆದರೆ ಇವನ ಜಾಗ ಒಳಗಲ್ಲ, ಧ್ರುವದ ಬಾಗಿಲ ಹೊರಗೆ, ಒಂದು ಸ್ಟೂಲಿನ ಮೇಲೆ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲಲ್ಲಿ ಇರಲೇಬೇಕೆನ್ನುವುದು ಅಲ್ಲಿನ ಕಟ್ಟಳೆ. ಹೊರಗಿನವನು ಆಗಾಗ ಕಬ್ಬಿಣವನ್ನು ಎರಡು ಸಲ ತಟ್ಟಬೇಕು. ಅಂದರೆ, ಇದ್ದೀಯಾ? ಒಳಗಿನವನು ಒಂದು ಸಲ ತಟ್ಟಬೇಕು. ಅಂದರೆ, ಇದ್ದೀನಿ. ಉತ್ತರ ಬಾರದಿದ್ದರೆ ಕೈಯಲ್ಲಿರುವ ಬೀಡಿ ಬಿಸಾಕಿ ಬಾಗಿಲು ತೆರೆಯುವುದೊಂದೇ ಕೆಲಸ.

ಬಾಗಿಲಣ್ಣನ ಹೆಗಲ ಮೇಲೆ ಧ್ರುವರಾಯನ ಹತ್ತಿ ತುಂಬಿದ ದಪ್ಪ ಕೋಟಿತ್ತು. ಕೆಲಸ ಬಿಟ್ಟು ಹೋದ ಮೇಲೂ ಅದು ಗೋದಾಮಿನ ಮೊಳೆಗೇ ನೇತಾಡುತ್ತಿತ್ತು. ಬೇರೆಯವರು ಹಾಕಿಕೊಳ್ಳಲು ಒಪ್ಪುತ್ತಿರಲಿಲ್ಲ.

ಅವನು ಮೆಟ್ಟಿಲ ಮೇಲಿನ ಪೆಟ್ಟಿಗೆಯನ್ನೂ ಅವಳ ಚಾಚಿದ ಕೈಗಳನ್ನೂ ನೋಡಿದ. ಯಾರೂ ಹೇಳದೆ ವಿಷಯ ಅರ್ಥವಾಯಿತು.

"ಅಕ್ಕಾ," ಅಂದ. "ನೀನು ಬೇಡ ಅಂದ್ರೆ ಬೇಡ. ಆದ್ರೆ ಮಗು ಬರ್ತಿದೆ."

"ನನಗೆ ಗೊತ್ತಿಲ್ವಾ ಬಾಗಿಲಣ್ಣ? ಇನ್ನು ಚಳಿಗೆ ಕಳಿಸಬೇಡ ಕಣೇ ಅಂತ ನನ್ನ ಕೈ ಹಿಡ್ಕೊಂಡು ಕೇಳಿದ್ದಾರೆ. ಸತ್ತ ಬೆಳಗ್ಗೇನೇ ಆ ಮಾತು ಮುರೀಲಾ?"

ಬಾಗಿಲಣ್ಣ ಕೋಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಒಂಟಿಯಾಗಿ ಕಳಿಸಬೇಡ ಅಷ್ಟೇ. ಅವನು ಒಳಗಿದ್ದಾಗ ನಾನು ಯಾವತ್ತಾದ್ರೂ ಬಾಗಿಲು ಬಿಟ್ಟು ಹೋಗಿದ್ದೀನಾ? ಇವತ್ತೂ ಪಕ್ಕದಲ್ಲೇ ಕೂತಿರ್ತೀನಿ. ಮಗು ಬಂದ ತಕ್ಷಣ ತೆಗೆಯೋಣ. ಅವನಿಗೂ ಮಗಳ ಮುಖ ಬೇಕಲ್ವಾ?"

ಅವಳ ಕೈಗಳು ತಾವಾಗಿಯೇ ಕೆಳಗಿಳಿದವು. ಸೋತೆನೆನಿಸಿತು. ಗೆದ್ದವರು ಯಾರೆಂದು ಮಾತ್ರ ತಿಳಿಯಲಿಲ್ಲ.

"ಹಾಗಾದ್ರೆ ಆ ಕೋಟು ಹಾಕಿ," ಅಂದಳು.

ಪೆಟ್ಟಿಗೆಯ ಆಳುಗಳಲ್ಲಿ ಒಬ್ಬ ತಲೆ ಕೆರೆದುಕೊಂಡ. "ಅಮ್ಮಾ, ಕೋಟು ಹಾಕಿದ್ರೆ ತಣ್ಣಗಾಗೋದು ಹೇಗೆ? ಮತ್ತೆ ಪೆಟ್ಟಿಗೆ ಯಾಕೆ?"

"ಅವನು ಹೇಳೋದು ಸರಿ ಅಕ್ಕಾ," ಎಂದ ಬಾಗಿಲಣ್ಣ ಸಂಕಟದಿಂದ. "ಕೋಟು ಒಳಗಿನ ಬಿಸೀನ ಹೊರಗೆ ಬಿಡಲ್ಲ."

ಕೊನೆಗೆ ಕಾಲಿಗೆ ಉಣ್ಣೆಯ ಚೀಲ, ತಲೆಗೆ ಕಿವಿ ಮುಚ್ಚುವ ಟೋಪಿ ಎಂದು ರಾಜಿಯಾಯಿತು. ಎರಡೂ ಅವಳೇ ಹೆಣೆದವು. ಟೋಪಿಯ ದಾರವನ್ನು ಗದ್ದದ ಕೆಳಗೆ ಅವಳೇ ಕಟ್ಟಿದಳು. ಬಿಗಿಯಾಯಿತೇನೋ ಎಂದು ಬಿಚ್ಚಿ ಸಡಿಲವಾಗಿ ಮತ್ತೊಮ್ಮೆ ಕಟ್ಟಿದಳು. ಮುಚ್ಚಳ ಮುಚ್ಚಿ, ಮೋಟಾರು ಗೊರಗುಟ್ಟತೊಡಗಿದಾಗ ಅವಳು ಎದ್ದು ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಬೆಳಗಿನಿಂದ ಅದೇ ಮೊದಲು.

*

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತ್ತು. ಬಾಗಿಲಣ್ಣ ಎಲ್ಲಿಂದಲೋ ಒಂದು ಸ್ಟೂಲು ಹುಡುಕಿ ತಂದು ಪೆಟ್ಟಿಗೆಯ ತಲೆಯ ಕಡೆ ಹಾಕಿಕೊಂಡು ಕೂತಿದ್ದ. ಊಟಕ್ಕೆ ಕರೆದರೂ ಏಳಲಿಲ್ಲ. ಮಡಿಸಿದ ಕೋಟು ಅವನ ತೊಡೆಯ ಮೇಲಿತ್ತು.

ಬಂದವರಲ್ಲಿ ಮಗಳಿಗೆ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟ ಟೀಚರೂ ಇದ್ದರು. ವಯಸ್ಸಾಗಿತ್ತು, ಕಿವಿ ಸ್ವಲ್ಪ ಮಂದ. ಹಾಗಾಗಿ ಗುಟ್ಟಿನ ಮಾತನ್ನೂ ತರಗತಿಗೆ ಕೇಳುವ ದನಿಯಲ್ಲೇ ಆಡುತ್ತಿದ್ದರು.

"ಇವರನ್ನ ಧ್ರುವರಾಯ ಅಂತ ಯಾಕೆ ಕರೀತಾರೆ?"

"ಧ್ರುವದಲ್ಲಿ ಕೆಲಸ ಮಾಡ್ತಿದ್ದ ಟೀಚರ್. ನಮ್ಮ ಗೋದಾಮಿನ ಒಳಕೋಣೆ," ಎಂದ ಬಾಗಿಲಣ್ಣ.

"ಕೋಣೆಗೆ ಧ್ರುವ ಅನ್ನೋಕಾಗಲ್ಲಪ್ಪ. ಧ್ರುವ ಅಂದ್ರೆ ಬರೀ ಒಂದು ಬಿಂದು. ಅದಕ್ಕೆ ಉದ್ದವೂ ಇಲ್ಲ, ಅಗಲವೂ ಇಲ್ಲ. ಸುತ್ತ ಹಿಮ ಇರುತ್ತಲ್ಲ, ಅದನ್ನ ಬೇಕಾದ್ರೆ ಧ್ರುವಪ್ರದೇಶ ಅನ್ನಬಹುದು."

"ನಮ್ಮದಕ್ಕೆ ಉದ್ದ, ಅಗಲ ಎರಡೂ ಇತ್ತು ಟೀಚರ್. ಎರಡು ಲಾರಿ ಮೀನು ಹಿಡೀತಿತ್ತು."

ಗೋದಾಮಿನವರು ನಗು ತಡೆಯಲು ತಲೆ ತಗ್ಗಿಸಿದರು. ಟೀಚರೂ ನಕ್ಕುಬಿಟ್ಟರು. ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಟೈಲರಮ್ಮನ ಕಡೆ ನೋಡಿದರು. ಟೈಲರಮ್ಮನಿಗೆ ಕೋಪ ಬರಲಿಲ್ಲ. ಅವನಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

"ನಮ್ಮನೇಲೂ ಅದೇ ಮಾತಾಗಿತ್ತು ಟೀಚರ್," ಎಂದಳು. "ಸ್ನಾನದ ಮನೆ ತಣ್ಣಗಿದ್ರೆ ಧ್ರುವ. ಸಾರು ಆರಿದ್ರೆ ಧ್ರುವಕ್ಕೆ ಹೋಗಿ ಬಂದಿದೆಯಾ ಅನ್ನೋರು. ಪುಟ್ಟಿಗೆ ದ್ವೀಪದ ಆಸ್ಪತ್ರೇಲಿ ಕೆಲಸ ಸಿಕ್ತಲ್ಲ, ಅಲ್ಲಿ ಸೆಕೆಯೋ ಸೆಕೆ. ಆದ್ರೂ ಅದು ಪುಟ್ಟಿಯ ಧ್ರುವ."

"ಯಾಕಂತೆ?"

"ದೂರ ಅಲ್ವಾ," ಎಂದಳು.

ಆಗಲೇ ಅದು ಆದದ್ದು. ಮಾತಿನ ನಡುವೆ, ಯೋಚನೆಯೇ ಇಲ್ಲದೆ, ಬಾಗಿಲಣ್ಣನ ಬಲಗೈ ಪಕ್ಕಕ್ಕೆ ಚಾಚಿ ಗೆಣ್ಣಿನಿಂದ ಪೆಟ್ಟಿಗೆಯ ತಗಡನ್ನು ಎರಡು ಸಲ ತಟ್ಟಿತು. ಟಕ್ ಟಕ್. ಆಮೇಲೆ ಅವನು ಕತ್ತು ಸ್ವಲ್ಪ ವಾಲಿಸಿ, ಎಷ್ಟೋ ವರ್ಷಗಳ ಅಭ್ಯಾಸದಂತೆ, ಉತ್ತರಕ್ಕೆ ಕಿವಿಗೊಟ್ಟ.

ಮೋಟಾರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಗೋದಾಮಿನವರೆಲ್ಲ ತಲೆಯೆತ್ತಿ ನೋಡಿದರು. ಎದ್ದು ಬಾಗಿಲು ತೆರೆಯಬೇಕಾದ ಹೊತ್ತು ಅದು, ಅವರಿಗೆಲ್ಲ ಗೊತ್ತು. ಬಾಗಿಲಣ್ಣ ಅರ್ಧ ಎದ್ದೂಬಿಟ್ಟಿದ್ದ. ಹಾಗೇ ನಿಂತ. ಕೈ ತಗಡಿನ ಮೇಲೇ ಉಳಿಯಿತು. ಆಮೇಲೆ ಕೂತು, ತೊಡೆಯ ಮೇಲಿನ ಕೋಟಿನಲ್ಲಿ ಮುಖ ಹುದುಗಿಸಿದ. ಅವನ ಬೆನ್ನು ಅಲುಗುವುದನ್ನು ನೋಡಲಾರದೆ ಮೈದುನ ಕುರ್ಚಿಗಳನ್ನು ಇನ್ನೊಮ್ಮೆ ಜೋಡಿಸಲು ಹೊರಗೆ ಹೋದ.

*

ಮಗಳು ಶಾಲೆಯ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದ ಸಂಜೆಯೊಂದು ಟೈಲರಮ್ಮನಿಗೆ ನೆನಪಾಯಿತು. ಗಂಡನ ಕೈ ಅವಳ ಕೈಯೊಳಗಿತ್ತು.

"ಧ್ರುವ ಎಂದರೆ ಭೂಮಿಯ ತುತ್ತತುದಿ. ಉತ್ತರ ಧ್ರುವದಲ್ಲಿ ನಿಂತವನಿಗೆ ಎಲ್ಲ ದಿಕ್ಕೂ ದಕ್ಷಿಣವೇ."

"ಇನ್ನೊಂದ್ಸಲ ಓದು," ಅಂದ ಅವನು.

ಅವಳು ಓದಿದಳು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಒದ್ದೆ ಬಟ್ಟೆ ಸುತ್ತಿದ ಕೈಯಿಂದಲೇ ತೊಡೆ ತಟ್ಟಿಕೊಂಡ. "ಅಂದ್ರೆ ಅಲ್ಲಿ ದಾರಿ ತಪ್ಪೋ ಮಾತೇ ಇಲ್ಲ! ಯಾವ ಕಡೆ ಹೊರಟ್ರೂ ಮನೆಗೇ."

"ಮನೆಗಲ್ಲ ಅಪ್ಪಾ, ದಕ್ಷಿಣಕ್ಕೆ."

"ಮನೆ ಇರೋದು ಆ ಕಡೆನೇ ಅಲ್ವೇನೆ? ನಿಮ್ಮಮ್ಮ ಇರೋ ಕಡೆ."

ಮಗಳು ಇದು ತಪ್ಪೆಂದು ವಾದಿಸಿ ವಾದಿಸಿ ಸೋತು, ಮುನಿಸಿಕೊಂಡು ಸ್ನಾನದ ಮನೆಗೆ ಹೋಗಿ ಅಗುಳಿ ಹಾಕಿಕೊಂಡಳು. ಅವನು ಹೋಗಿ ಬಾಗಿಲನ್ನು ಎರಡು ಸಲ ತಟ್ಟಿದ. ಒಳಗಿನಿಂದ ಸಿಟ್ಟಿನ ಒಂದು ಏಟು ಬಂತು. ಅಪ್ಪ ಮಗಳ ನಡುವೆ ಅದೊಂದು ಆಟ. ದೊಡ್ಡವಳಾಗಿ ದ್ವೀಪಕ್ಕೆ ಹೊರಟ ದಿನವೂ ಬಸ್ಸಿನ ಕಿಟಕಿಯ ಕೆಳಗೆ ಅವನು ಎರಡು ಸಲ ತಟ್ಟಿದ್ದ, ಅವಳು ಒಳಗಿನಿಂದ ಒಮ್ಮೆ.

ಅವಳು ಹೋದ ಮೇಲೆ ಅವನಿಗೂ ಕೆಲಸ ಮುಗಿಯಿತು. ಆಮೇಲೆ ಅವನು ಬಿಸಿಲಿಗೆ ಅಂಟಿಕೊಂಡುಬಿಟ್ಟ. ಬೆಳಿಗ್ಗೆ ಮುಂಬಾಗಿಲ ಮೆಟ್ಟಿಲು, ಮಧ್ಯಾಹ್ನ ಹಿತ್ತಿಲ ಕಟ್ಟೆ. ಬಿಸಿಲು ಸರಿದ ಹಾಗೆ ಕುರ್ಚಿ ಎಳೆದುಕೊಂಡು ಹೋಗುವುದು. ಬೀದಿಯವರು ನೆರಳು ಹುಡುಕುವ ಹೊತ್ತಿನಲ್ಲಿ ಇವನೊಬ್ಬ ಕಣ್ಣು ಮುಚ್ಚಿ ಮುಖ ಮೇಲೆತ್ತಿ ಕೂತಿರುತ್ತಿದ್ದ. ಸಂಜೆಯಾದೊಡನೆ ಬಂದು ಕೈ ಚಾಚುತ್ತಿದ್ದ.

"ಬೆಚ್ಚಗೇ ಇದೆಯಲ್ರೀ," ಎನ್ನುತ್ತಿದ್ದಳು ಅವಳು.

"ಇದ್ರೆ ಏನು? ಹಿಡ್ಕೋ."

ಬಿಸಿ ಮಾಡುವ ನೆಪವಿಲ್ಲದೆ ಕೈ ಹಿಡಿದು ಕೂರಲು ಆ ವಯಸ್ಸಿನಲ್ಲಿ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಹಿಡಿಯುತ್ತಿದ್ದಳು. ಹಾಗೊಂದು ಸಂಜೆ ಅವನು, "ಇನ್ನು ನನ್ನನ್ನ ಚಳಿಗೆ ಕಳಿಸಬೇಡ ಕಣೇ. ಸಾಕಾಗಿದೆ" ಅಂದಿದ್ದ. "ಯಾರು ಕಳಿಸ್ತಾರೆ ನಿಮ್ಮನ್ನ?" ಎಂದು ಅವಳು ನಕ್ಕಿದ್ದಳು. "ಮಾತು ಕೊಡು" ಅಂದ. ಕೊಟ್ಟಳು. ಆ ಸಂಜೆಗಳು ಇನ್ನೂ ಒಂದಿಷ್ಟು ಇರಬೇಕಿತ್ತು ಎನ್ನುವುದಷ್ಟೇ ಈಗ ಅವಳ ಆಸೆ. ಹೆಚ್ಚೇನೂ ಅಲ್ಲ, ಇನ್ನೂ ಒಂದಿಷ್ಟು.

*

ಬಿಸಿಲು ಹಳದಿಯಾಗುವ ಹೊತ್ತಿಗೆ ಮಗಳು ಬೀದಿಯ ಕೊನೆಯಿಂದ ಓಡುತ್ತಾ ಬಂದಳು. ಆಸ್ಪತ್ರೆಯ ಚಪ್ಪಲಿಯಲ್ಲೇ ಹೊರಟುಬಿಟ್ಟಿದ್ದಳು. ಚಿಕ್ಕಪ್ಪ ಕೈಯಿಂದ ಚೀಲ ತೆಗೆದುಕೊಂಡ. ಜನ ದಾರಿ ಬಿಟ್ಟರು. ಬಾಗಿಲಣ್ಣ ಎದ್ದು, ಯಾರನ್ನೂ ಕೇಳದೆ, ಪೆಟ್ಟಿಗೆಯ ಮುಚ್ಚಳ ತೆರೆದ. ಗೋದಾಮಿನವರು ಧ್ರುವರಾಯನನ್ನು ಹಗುರವಾಗಿ ಎತ್ತಿ, ಕಿಟಕಿಯ ಪಕ್ಕದಲ್ಲಿ ಇನ್ನೂ ಸ್ವಲ್ಪ ಬಿಸಿಲು ಬೀಳುತ್ತಿದ್ದ ಮಂಚದ ಮೇಲೆ ಮಲಗಿಸಿದರು. ಆ ಜಾಗ ಆರಿಸಿದ್ದು ಟೈಲರಮ್ಮ.

ಮಗಳು ಅಪ್ಪನ ಮುಖ ನೋಡಿದಳು, ಟೋಪಿ ನೋಡಿದಳು. ಅಳುವಿನ ನಡುವೆಯೇ ಅವನ ಕೈ ಹಿಡಿಯಲು ಹೋಗಿ ಸರಕ್ಕನೆ ಹಿಂದೆಗೆದಳು. ಎಷ್ಟೋ ಸತ್ತವರ ಕಣ್ಣು ಮುಚ್ಚಿದ ನರ್ಸು ಅವಳು. ಆದರೂ ಬೆಚ್ಚಿಬಿದ್ದಳು.

"ಅಮ್ಮಾ, ಎಷ್ಟು ತಣ್ಣಗಿದೆ!"

"ಧ್ರುವದಿಂದ ಬಂದಿದ್ದಾರಲ್ವೇನೆ," ಎಂದಳು ಟೈಲರಮ್ಮ. "ಒಲೆ ಮೇಲೆ ನೀರಿದೆ, ಉಗುರುಬೆಚ್ಚಗೆ. ತಗೊಂಡು ಬಾ."

ಆಮೇಲೆ ಸುತ್ತ ನೆರೆದಿದ್ದವರ ಕಡೆ ತಿರುಗಿದಳು. "ನೀವೆಲ್ಲ ಸ್ವಲ್ಪ ಹೊರಗಿರಿ."

ಮೈದುನ ಕಿಟಕಿಯಾಚೆ ಆಕಾಶ ನೋಡಿದ. "ಅತ್ತಿಗೆ, ಕತ್ತಲಾಗೋದ್ರೊಳಗೆ ಹೊರಡಬೇಕು. ವ್ಯಾನಿನವನು ಆಗಲೇ ಎರಡು ಸಲ ಕೇಳಿದ."

"ಧ್ರುವದಿಂದ ಬಂದವರನ್ನ ನಾನು ಒಂದು ದಿನವಾದ್ರೂ ಹಾಗೇ ಬಿಟ್ಟಿದ್ದೀನಾ? ಹೊರಗಿರು ಸ್ವಲ್ಪ."

ಬಾಗಿಲಣ್ಣ ಮೈದುನನ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಹೋದ. ಹೋಗುವಾಗ ಸ್ಟೂಲನ್ನೂ ಎತ್ತಿಕೊಂಡ. ಬಾಗಿಲು ಮುಚ್ಚಿಕೊಂಡಿತು.

ಅಮ್ಮ ಮಗಳು ಮಂಚದ ಎರಡು ಬದಿಗೆ ಕೂತರು. ಒಬ್ಬೊಬ್ಬರಿಗೆ ಒಂದೊಂದು ಕೈ. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬೆರಳುಗಳ ಮೇಲೆ ಸುತ್ತಿದರು. ಮಗಳು ಜೋರಾಗಿ ಉಜ್ಜತೊಡಗಿದಾಗ ಅಮ್ಮ ತಡೆದಳು. "ಹಾಗಲ್ಲ. ನಿಧಾನ. ಬಿಸೀನ ಒಮ್ಮೆಗೇ ಕೊಡಬಾರದು." ಬೋಟಿನ ಸುದ್ದಿ ಕೇಳಿದಳು. ಅಲೆ ಜೋರಿತ್ತಾ, ಏನಾದರೂ ತಿಂದೆಯಾ ಎಂದು ಕೇಳಿದಳು. ಮಗಳು ಹೇಳಿದಳು. ಬೋಟಿನವನು ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ನೇರ ಬಂದನೆಂದೂ, ಬಸ್ಸಿನಲ್ಲಿ ಯಾರೋ ಅಪರಿಚಿತ ಹೆಂಗಸು ಕಿಟಕಿ ಸೀಟು ಬಿಟ್ಟುಕೊಟ್ಟು ಏನನ್ನೂ ಕೇಳಲಿಲ್ಲವೆಂದೂ ಹೇಳಿದಳು. ಈ ಮನೆಯಲ್ಲಿ ಹಗಲಿನ ಸುದ್ದಿಯನ್ನು ಯಾವಾಗಲೂ ಹೇಳುತ್ತಿದ್ದದ್ದು ಈ ಕೈ ಬಿಸಿ ಮಾಡುವ ಹೊತ್ತಿನಲ್ಲೇ.

ಬಹಳ ಹೊತ್ತಾದ ಮೇಲೆ ಟೈಲರಮ್ಮ ಬಟ್ಟೆ ಬಿಚ್ಚಿ ಆ ಅಂಗೈಯನ್ನು ತನ್ನ ಅಂಗೈಗಳ ನಡುವೆ ಹಿಡಿದುಕೊಂಡಳು. ಚರ್ಮದ ಮೇಲೆ ಬಿಸಿ ಬಂದಿತ್ತು. ಅದು ಅವಳದೇ ಬಿಸಿ, ಕೈ ತೆಗೆದರೆ ಹೋಗಿಬಿಡುವ ಬಿಸಿ. ಅದು ಅವಳಿಗೆ ತಿಳಿಯದ್ದೇನಲ್ಲ. ಕೈ ತೆಗೆಯಲಿಲ್ಲ.

ಕಿಟಕಿಯ ಬಿಸಿಲು ಮಂಚದಿಂದ ಜಾರಿ ನೆಲಕ್ಕೆ ಬಿತ್ತು. ಹೊರಗೆ ಮೈದುನ ಏನೋ ಗೊಣಗಿದ್ದು ಕೇಳಿಸಿತು. ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಎಲ್ಲ ಸುಮ್ಮನಾಯಿತು.

ಬಾಗಿಲ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದ ಸದ್ದು.

ಮಗಳು ತಲೆಯೆತ್ತಿ ಅಮ್ಮನನ್ನು ನೋಡಿದಳು. ಟೈಲರಮ್ಮ ಒಂದು ಕೈಯಿಂದ ಅವನ ಕೈಯನ್ನು ಹಾಗೇ ಹಿಡಿದುಕೊಂಡು ಇನ್ನೊಂದನ್ನು ಬಿಡಿಸಿಕೊಂಡಳು. ಮಂಚದ ಮರದ ಮೇಲೆ, ಹೊರಗೆ ಕೇಳುವಷ್ಟು ಗಟ್ಟಿಯಾಗಿ, ಅವನ ಪರವಾಗಿ ಒಂದೇ ಒಂದು ಸಲ ತಟ್ಟಿದಳು.

ಹೊರಗೆ ಸ್ಟೂಲು ಎಳೆದು ಯಾರೋ ಮತ್ತೆ ಕೂತ ಸದ್ದು ಕೇಳಿಸಿತು.